ನೀರಿನ ಬಾಟಲಿ ಮತ್ತು ನಮ್ಮ ಪಾಠಯೋಜನೆ

ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಬರೆಯುವ ಆರೋಗ್ಯದ ಪಾಠಯೋಜನೆಗಳಲ್ಲಿ ‘ವಿದ್ಯಾರ್ಥಿಗಳು ಉತ್ತಮ ಆರೋಗ್ಯಾಭ್ಯಾಸಗಳನ್ನು ಬೆಳೆಸಿಕೊಳ್ಳುವರು’ ಎಂಬ ಸಾಲು ತಪ್ಪದೆ ಇರುತ್ತದೆ. ಒಂದು ಅವಧಿಯಲ್ಲಿ ಜ್ಞಾನ ಮೂಡಬಹುದು, ತಿಳಿವಳಿಕೆಯೂ ಮೂಡಬಹುದು, ಅಭ್ಯಾಸ ಮೂಡುವುದಿಲ್ಲ. ಆದರೂ ‘ನೀರನ್ನು ಏಕೆ ಸಾಕಷ್ಟು ಕುಡಿಯಬೇಕು?’ ಎಂದು ಕೇಳಿ, ತರಗತಿ ಒಕ್ಕೊರಲಿನಿಂದ ಉತ್ತರಿಸಿದರೆ ಉದ್ದೇಶ ಈಡೇರಿತು ಎಂದು ಬರೆದುಕೊಳ್ಳುತ್ತೇವೆ.

ಅದೇ ತರಗತಿಯ ಹಲವು ಹೆಣ್ಣುಮಕ್ಕಳು ಬೆಳಿಗ್ಗೆ ತಂದ ಬಾಟಲಿಯನ್ನು ಸಂಜೆ ಹೆಚ್ಚುಕಡಿಮೆ ಹಾಗೆಯೇ ಮನೆಗೆ ಒಯ್ಯುತ್ತಾರೆ. ಅವರಿಗೆ ತಿಳಿವಳಿಕೆ ಕಡಿಮೆಯೇನಿಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಅಲ್ಲಿ ಚಿಲಕವಿರುವುದಿಲ್ಲ, ಇಲ್ಲವೇ ನೀರಿರುವುದಿಲ್ಲ. ಎರಡೂ ಇದ್ದರೆ ಪಾಠದ ನಡುವೆ ಎದ್ದು ಕೇಳಲು ಸಂಕೋಚ. ಕುಡಿಯದಿರುವುದೇ ಸುಲಭ ಎಂಬ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ದೇಹಕ್ಕೆ ಬೇರೆ ಲೆಕ್ಕವಿದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ, ಅದರಲ್ಲಿನ ಲವಣಗಳು ಹರಳುಗಟ್ಟಿ ಮೂತ್ರಪಿಂಡದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಗಂಟೆಗಟ್ಟಲೆ ತಡೆದಿಟ್ಟರೆ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಸಿಗುತ್ತದೆ. ಹೆಣ್ಣುಮಕ್ಕಳಲ್ಲಿ ಮೂತ್ರ ಹೊರಬರುವ ನಾಳ ಗಿಡ್ಡವಾದ್ದರಿಂದ ಸೋಂಕು ಮೂತ್ರಕೋಶವನ್ನು ಬೇಗ ತಲುಪುತ್ತದೆ. ವಿಸರ್ಜನೆಯ ಪಾಠದಲ್ಲಿ ನೆಫ್ರಾನ್ ಚಿತ್ರಕ್ಕೆ ಬಣ್ಣದ ಚಾಕ್‌ಪೀಸ್ ಖರ್ಚು ಮಾಡುವ ನಾವು ಈ ಮಾತಿಗೆ ಎರಡು ನಿಮಿಷ ಕೊಡುವುದಿಲ್ಲ.

ದೀರ್ಘಾಯುಷ್ಯವೆಂದರೆ ನಮಗೆ ಬೆಳಗಿನ ನಡಿಗೆ, ಸಿರಿಧಾನ್ಯ, ಯೋಗ. ಅಂದರೆ ಐವತ್ತು ದಾಟಿದವರ ಮಾತು. ಹದಿನಾಲ್ಕರ ಹುಡುಗಿ ಬಾಯಾರಿಕೆ ತಡೆಯಲು ಕಲಿತರೆ ಅದೂ ಒಂದು ಅಭ್ಯಾಸವೇ, ಮುಂದೆ ಅವಳು ಕೆಲಸಕ್ಕೆ ಹೋಗುವಾಗಲೂ ಜೊತೆಗೇ ಬರುತ್ತದೆ. ದೂರದೂರಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮ ಸಹಪಾಠಿನಿಯರನ್ನೇ ಕೇಳಿ ನೋಡಿ.

2019ರಲ್ಲಿ ಕೇರಳದ ಶಾಲೆಗಳ ‘ವಾಟರ್ ಬೆಲ್’ ಸುದ್ದಿಯಾಯಿತು. ಅದೇ ವರ್ಷ ಕರ್ನಾಟಕದಲ್ಲೂ ಅದರ ಮಾತು ಬಂತು. ಗಂಟೆ ಹೊಡೆದಾಗ ಎಲ್ಲರೂ ಕುಡಿಯುತ್ತಾರೆ, ಯಾರೂ ಅನುಮತಿ ಕೇಳಬೇಕಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಕುಡಿಯಲು ಗಂಟೆ ಹೊಡೆದು, ಹೊರಗೆ ಹೋಗಲು ಬಿಡದಿದ್ದರೆ ಮಕ್ಕಳು ಬಾಟಲಿ ಎತ್ತಿದಂತೆ ಮಾಡಿ ಕೆಳಗಿಡುತ್ತಾರೆ, ಅಷ್ಟೆ.

ಶೌಚಾಲಯ ಮುಖ್ಯ ಶಿಕ್ಷಕರ, ಎಸ್‌ಡಿಎಂಸಿಯ ಹೊಣೆ, ಪ್ರಶಿಕ್ಷಣಾರ್ಥಿಗೇಕೆ ಎನ್ನಬಹುದು. ನಲ್ಲಿ ಹಾಕಿಸುವುದು ನಮ್ಮಿಂದ ಆಗದು, ನಿಜ. ಪಾಠದ ಆರಂಭದಲ್ಲಿ ತಾನೂ ಎರಡು ಗುಟುಕು ಕುಡಿದು ಮಕ್ಕಳಿಗೂ ಕುಡಿಯಲು ಹೇಳುವುದು, ಕೈಯೆತ್ತಿದರೆ ಸಾಕು, ಕಾರಣ ಹೇಳದೆ ಹೊರಗೆ ಹೋಗಿಬರಬಹುದು ಎಂಬ ನಿಯಮ ಮಾಡುವುದು ಆಗುತ್ತದೆ. ತೊಡಕಿರುವುದು ವೀಕ್ಷಣೆಯಲ್ಲಿ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿರುವಾಗ ಮೂವರು ಎದ್ದು ಹೋದರೆ ‘ತರಗತಿ ನಿರ್ವಹಣೆ’ಯ ಅಂಕ ಏನಾದೀತು ಎಂಬ ಅಳುಕು ನಮ್ಮೆಲ್ಲರಿಗೂ ಇದೆ. ಹಾಗೆ ಹೋಗಿಬರುವುದು ನಿರ್ವಹಣೆಯ ದೋಷವಲ್ಲ ಎಂದು ಮಾರ್ಗದರ್ಶಕ ಅಧ್ಯಾಪಕರು ಅಭ್ಯಾಸ ಬೋಧನೆಗೆ ಮೊದಲೇ ತಿಳಿಸಲಿ. ಇಂಟರ್ನ್‌ಶಿಪ್ ವರದಿಯಲ್ಲಿ ಶೌಚಾಲಯಗಳ ಸಂಖ್ಯೆಯ ಜೊತೆಗೆ ಎಷ್ಟಕ್ಕೆ ಚಿಲಕವಿದೆ, ಎಷ್ಟರಲ್ಲಿ ನೀರು ಬರುತ್ತದೆ ಎಂಬುದನ್ನೂ ನಾವು ಬರೆಯುವಂತಾಗಲಿ.