ಎಚ್ಚರಿಕೆ ಯಾರಿಗೆ?

ಹಾದರ, ವಿಗ್ರಹಾರಾಧನೆ ಎರಡನ್ನೂ ಬೈಬಲ್ ಮತ್ತೆ ಮತ್ತೆ ಜೋಡಿಯಾಗಿಯೇ ಹೇಳುತ್ತದೆ. ಅರಣ್ಯಕಾಂಡದ 25ನೇ ಅಧ್ಯಾಯದ ಬಾಳ್ ಪೆಗೋರನ ಪ್ರಸಂಗದಿಂದ ಹಿಡಿದು ಪ್ರಕಟನೆಯ ಪೆರ್ಗಮ, ಥುವತೈರ ಸಭೆಗಳವರೆಗೆ ಇದೇ ಮಾತು. ಆದರೆ ಈ ವಚನಗಳ ಮೇಲೆ ಪ್ರಸಂಗ ನಡೆದಾಗ ಬೆರಳು ಬೇಗ ಹೊರಗಿನವರತ್ತ ತಿರುಗುತ್ತದೆ: ಊರ ಗುಡಿ, ಜಾತ್ರೆ, ಯಾರದೋ ಮನೆಯ ಹೆಂಗಸು.

ಪೌಲನ ಬೆರಳು ಅತ್ತ ಹೋಗಲಿಲ್ಲ. ಕೊರಿಂಥ ಸಭೆಯವನೊಬ್ಬ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ಸಭೆ ಮಾತ್ರ ಉಬ್ಬಿಕೊಂಡೇ ಇತ್ತು. ಪೌಲ ತರಾಟೆಗೆ ತೆಗೆದುಕೊಂಡದ್ದು ಆ ಸಭೆಯನ್ನು. ಹೊರಗಿನವರ ತೀರ್ಪು ದೇವರಿಗೆ ಬಿಟ್ಟದ್ದು ಎಂದು ಅಲ್ಲಿಯೇ ಸ್ಪಷ್ಟಪಡಿಸಿದ.

ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ಕ್ರೈಸ್ತರು ಶತಮಾನಗಳಿಂದ ಬಾಳಿದ್ದಾರೆ. ಮೊಹರಂಗೆ ಹೆಸರಾದ ಊರು ಅದು. ಇಂಥ ಕಡೆ ನೆರೆಮನೆಯ ಹಬ್ಬದೂಟ ಪ್ರತಿ ವರ್ಷದ ಪ್ರಶ್ನೆ. ಪೌಲನ ಉತ್ತರದಲ್ಲಿ ಗಡಿಯೂ ಇದೆ, ಸಲಿಗೆಯೂ ಇದೆ. ಪೂಜೆಯಲ್ಲಿ ಪಾಲುಗೊಳ್ಳಬೇಡಿ, ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ, ನೈವೇದ್ಯವೆಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ. ಬೇಡವೆನ್ನುವುದಕ್ಕೂ ಹೀಗಳೆಯುವುದಕ್ಕೂ ಅಜಗಜಾಂತರ. ಎಫೆಸದಲ್ಲಿ ದೊಂಬಿಯೆದ್ದಾಗ, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಪೌಲನ ಸಂಗಡಿಗರ ಪರ ನಿಂತವನು ಆ ಪಟ್ಟಣದ ಅಧಿಕಾರಿಯೇ.

ಇನ್ನು ಹಾದರದ ಮಾತು. ರಾಯಚೂರು, ಕೊಪ್ಪಳದ ಕಡೆ ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವ ಪದ್ಧತಿ ಗೊತ್ತಿಲ್ಲದವರಿಲ್ಲ. ಕೆಂಪು-ಬಿಳಿ ಮಣಿಸರ ಕೊರಳಿಗೆ ಬಿದ್ದ ಹುಡುಗಿ ಹೆಚ್ಚಾಗಿ ದಲಿತರ ಮನೆಯವಳು. ಎಷ್ಟೋ ಕಡೆ ಆ ಕಾರ್ಯದ ಖರ್ಚು ಹೊತ್ತ ಉಳ್ಳವನೇ ಅವಳ ಮೇಲೆ ಮೊದಲ ಹಕ್ಕು ಚಲಾಯಿಸಿದ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಇದನ್ನು ಅಪರಾಧವೆಂದಿತು. ದೇವರ ಹೆಸರೂ ದೇಹದ ಬಳಕೆಯೂ ಹೀಗೆ ಹೆಣೆದುಕೊಂಡಲ್ಲಿ, ಬೈಬಲ್ಲಿನ ಎಚ್ಚರಿಕೆಯನ್ನು ಆ ಹೆಣ್ಣಿನ ತಲೆಗೆ ಕಟ್ಟುವುದು ಅನ್ಯಾಯ. ಒಂದನೆಯ ಕೊರಿಂಥದ 6ನೇ ಅಧ್ಯಾಯ ತಡೆಯುವುದು ಸೂಳೆಯ ಬಳಿಗೆ ಹೋಗುವ ಗಂಡಸನ್ನು. ನಿನ್ನ ದೇಹ ಪವಿತ್ರಾತ್ಮನ ಗುಡಿ ಎಂಬ ಮಾತು ಹುಟ್ಟಿದ್ದೂ ಅವನಿಗಾಗಿ. ಇಂಥ ಮನೆಯ ಹೆಂಗಸು ಮಕ್ಕಳೊಂದಿಗೆ ಚರ್ಚಿಗೆ ಬಂದರೆ, ಮಕ್ಕಳ ತಂದೆಯ ಹೆಸರು ಕೇಳುವ ಸಭೆಯೇ ಎಚ್ಚರಿಕೆಗೆ ಗುರಿಯಾಗುತ್ತದೆ.

ವಿಗ್ರಹದ ವ್ಯಾಪ್ತಿಯೂ ನಾವು ತಿಳಿದದ್ದಕ್ಕಿಂತ ದೊಡ್ಡದು. ಕೊಲೊಸ್ಸೆಯವರಿಗೆ ಬರೆದ ಪತ್ರ (3:5) ದುರಾಶೆಯನ್ನೇ ವಿಗ್ರಹಾರಾಧನೆ ಎನ್ನುತ್ತದೆ. ಹಟ್ಟಿಯಲ್ಲಿ ಚಿನ್ನ ತೆಗೆಯುವ, ಸಿಂಧನೂರಿನಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುವ ಸೀಮೆ ಇದು. ದುಡಿಮೆ ತಪ್ಪಲ್ಲ, ಗಳಿಕೆಯೂ ತಪ್ಪಲ್ಲ. ಆದರೆ ವರದಕ್ಷಿಣೆಗೆ ತೊಲೆ ಲೆಕ್ಕ ಹಾಕುವ, ಕೂಲಿಯವರ ಬಟವಾಡೆ ಮುರಿಯುವ ವಿಶ್ವಾಸಿ ಮನೆಯಲ್ಲಿ ಮೂರ್ತಿ ಇಟ್ಟಿಲ್ಲವೆಂದು ಹೆಮ್ಮೆಪಟ್ಟರೆ ಏನು ಬಂತು?

ಹೀಗೆ ಅರ್ಥ ಹಿಗ್ಗಿಸಿದರೆ ಆಜ್ಞೆ ಸಡಿಲವಾಗದೇ ಎಂದು ಕೆಲವರು ಕೇಳಬಹುದು. ಬಿಗಿಯೇ ಆಗುತ್ತದೆ. ಗುಡಿಗೆ ಹೋಗದಿರುವುದು ಕ್ರೈಸ್ತನಿಗೆ ಸುಲಭ. ದುಡ್ಡಿನ ಮುಂದೆ ಬಗ್ಗದಿರುವುದು, ಹೆಣ್ಣನ್ನು ಬಳಕೆಯ ವಸ್ತುವೆಂದು ನೋಡದಿರುವುದು ಕಷ್ಟ. ಎರಡನ್ನೂ ಪಾಲಿಸಬೇಕು. ಕಷ್ಟದ್ದನ್ನು ಮೊದಲು ತನ್ನ ಮನೆಯಲ್ಲಿ ಪಾಲಿಸಿದವನ ಬೋಧನೆಗೆ ಮಾತ್ರ ಊರು ಕಿವಿಗೊಟ್ಟೀತು.