ಆಟಿಯ ತೇವ, ಕಪಾಟಿನ ಕಾಗದ

ಮಂಜೇಶ್ವರದ ಕಡೆಯ ಒಂದು ಮನೆ. ಪದವಿ ಪ್ರವೇಶಕ್ಕೆ ಹೊರಟ ಮಗಳಿಗಾಗಿ ತಾಯಿ ಗೋಡೆಯ ಕಪಾಟನ್ನು ತೆರೆದಾಗ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವು ಪ್ಲಾಸ್ಟಿಕ್ ಹೊದಿಕೆಗೆ ಅಂಟಿಕೊಂಡಿತ್ತು. ಬಿಡಿಸಹೋದಾಗ ಜನ್ಮದಿನಾಂಕದ ಸಾಲಿನ ಮಸಿಯೂ ಹೊದಿಕೆಯೊಡನೆ ಕಿತ್ತುಬಂದಿತು. ಕಳ್ಳನೂ ಗೆದ್ದಲೂ ಮಾಡದ ಕೆಲಸವನ್ನು ಗೋಡೆಯ ತೇವ ಮಾಡಿತ್ತು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಆಟಿಯ ತೇವ ಅನಿವಾರ್ಯವೆಂಬ ಭಾವನೆ ಬಲವಾಗಿದೆ. ಅದು ಅರ್ಧಸತ್ಯ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಹೆಚ್ಚಾದುದು ಕಿಟಕಿಯ ಗಾಜಿನಲ್ಲಿ, ತಣ್ಣನೆಯ ಗೋಡೆಯಲ್ಲಿ ಹನಿಗಟ್ಟುತ್ತದೆ. ಆ ಆವಿಯ ಒಂದು ಪಾಲು ಮನೆಯೊಳಗೇ ಹುಟ್ಟಿದ್ದು: ಮುಚ್ಚಳವಿಲ್ಲದೆ ಕುದಿಯುವ ಕುಚ್ಚಲಕ್ಕಿ, ಉರಿಯುವ ಅಡುಗೆ ಅನಿಲ, ಮಲಗುವ ಕೋಣೆಯ ಹಗ್ಗದಲ್ಲಿ ತೂಗುವ ಒದ್ದೆ ಸಮವಸ್ತ್ರ. ಹಿಂದೆ ಬಚ್ಚಲುಮನೆ ಹೊರಗಿತ್ತು, ಆವಿ ಹೆಂಚುಗಳ ಎಡೆಯಿಂದ ಪಾರಾಗುತ್ತಿತ್ತು. ತಾರಸಿ ಮನೆಯಲ್ಲಿ ಆ ದಾರಿ ಮುಚ್ಚಿದೆ.

ಆದುದರಿಂದ ಮೊದಲು ಸೋರುವ ಮಾಡು, ಒಡೆದ ನೀರಿನ ಕೊಳವೆ ದುರಸ್ತಿಯಾಗಬೇಕು. ಇಲ್ಲವಾದರೆ ಉಳಿದ ಉಪಾಯಗಳೆಲ್ಲ ವ್ಯರ್ಥ. ಅಡುಗೆಯ ಹೊತ್ತು ಪಾತ್ರೆಗೆ ಮುಚ್ಚಳವಿರಲಿ, ಅಡುಗೆಮನೆಯ ಕಿಟಕಿ ತೆರೆದಿರಲಿ, ಒಳಬಾಗಿಲು ಮುಚ್ಚಿರಲಿ. ಬಟ್ಟೆ ಜಗಲಿಯಲ್ಲಿ ಒಣಗಲಿ. ಮಳೆ ನಿಂತು ಬಿಸಿಲು ಇಣುಕಿದೊಡನೆ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದು ಒಳಿತು. ಗಾಜಿನ ಹನಿಗಳನ್ನು ಬೆಳಿಗ್ಗೆ ಒರಸಿ ತೆಗೆದರೆ ಚೌಕಟ್ಟಿಗೆ ಬೂಷ್ಟು ಹಿಡಿಯದು. ಬೂಷ್ಟು ಉಬ್ಬಸವಿರುವ ಮಕ್ಕಳಿಗೆ ಕೇಡು.

ಮುಚ್ಚಿದ ಕಪಾಟಿಗೆ ಬೋಗುಣಿಯಲ್ಲಿ ಕಲ್ಲುಪ್ಪು ಸಾಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ಮೀರಿದಾಗ ಉಪ್ಪು ತೇವವನ್ನು ಹೀರಿ ನೀರೊಡೆಯುತ್ತದೆ; ಆ ನೀರನ್ನು ಚೆಲ್ಲಿ, ಉಪ್ಪನ್ನು ಹುರಿದು ಮತ್ತೆ ಇಡಬಹುದು. ಇಡೀ ಕೋಣೆಯ ತೇವ ಅದರಿಂದ ನೀಗದು.

ಕಾಗದಪತ್ರಗಳಿಗೆ ಹೊರಗೋಡೆಯ ಕಪಾಟು ತಕ್ಕ ಜಾಗವಲ್ಲ. ಮಳೆಗಾಲಕ್ಕೆ ಮುನ್ನ, ಒಣಹವೆಯ ದಿನ ಅವುಗಳಿಗೆ ನೆರಳಿನಲ್ಲಿ ಗಾಳಿಯಾಡಿಸಿ, ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಒಳಗೋಡೆಯ ಬದಿಯಲ್ಲಿ ನೆಲದಿಂದ ಎತ್ತರಕ್ಕೆ ಇರಿಸಬೇಕು. ಜಮೀನಿನ ಆಧಾರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ದೊರೆಯುತ್ತದೆ. ಹಾಳಾದ ಪ್ರಮಾಣಪತ್ರದ ಬದಲಿಗೂ ಅರ್ಜಿ ಸಲ್ಲಿಸಬಹುದು. ಆದರೆ ಪ್ರವೇಶದ ಕೊನೆಯ ದಿನ ಆ ಅರ್ಜಿಗಾಗಿ ಕಾದು ಕೂರುವುದಿಲ್ಲ.