ಮಾಗಿಯ ಓಟಕ್ಕೆ ಮೈದಾನದ ಬೀಗ

ಡಿಸೆಂಬರಿನ ಕೊನೆಯ ವಾರ ಬಂತೆಂದರೆ ಮೈಸೂರಿನಲ್ಲಿ ಎರಡು ತರಹದ ಜನ ಹೆಚ್ಚುತ್ತಾರೆ. ಒಂದು, ಅರಮನೆ ನೋಡಲು ಬಂದು ರಸ್ತೆ ತುಂಬ ಬಸ್ಸು ನಿಲ್ಲಿಸುವ ಪ್ರವಾಸಿಗರು. ಇನ್ನೊಂದು, ಬೆಳಗಿನ ಜಾವ ಕಿವಿಗೆ ಮಫ್ಲರ್ ಸುತ್ತಿಕೊಂಡು ಕುಕ್ಕರಹಳ್ಳಿ ಕೆರೆ ಕಡೆ ಓಡುವ ಮಂದಿ. ಮೊದಲನೆಯವರಿಂದ ಅಂಗಡಿಗೆ ವ್ಯಾಪಾರ. ಎರಡನೆಯವರಿಂದ ಯಾರಿಗೂ ನಾಲ್ಕು ಕಾಸಿನ ಲಾಭವಿಲ್ಲ. ಅದಕ್ಕೇ ಇರಬೇಕು, ಇವರ ಸುದ್ದಿ ಎಲ್ಲೂ ಬರುವುದಿಲ್ಲ.

ಇವರಲ್ಲಿ ಪದಕ ಗೆಲ್ಲುವವರು ಯಾರೂ ಇಲ್ಲ. ಸಂತೇಪೇಟೆ ಕಡೆಯ ಕಿರಾಣಿ ಅಂಗಡಿಯವರೊಬ್ಬರಿದ್ದಾರೆ, ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತದೆ. ನಾಲ್ಕು ದಿನ ರಜೆ ಹಾಕಿರುವ ಸಿಟಿ ಬಸ್ ಕಂಡಕ್ಟರ್ ಒಬ್ಬರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾ ಕ್ರಿಸ್‌ಮಸ್‌ಗೆ ಊರಿಗೆ ಬಂದಿರುವ ಹುಡುಗ. ಮಂಡಿಗೆ ಬಟ್ಟೆ ಕಟ್ಟಿಕೊಂಡು ಬರುವ ನಿವೃತ್ತ ಮೇಷ್ಟ್ರು. ವರ್ಷವಿಡೀ ಇವರೆಲ್ಲ ಒಂದೇ ಊರಲ್ಲಿದ್ದರೂ ಒಬ್ಬರಿಗೊಬ್ಬರು ಆಡಿದ ಮಾತು ‘ಅರ್ಧ ಕಿಲೋ ಬೇಳೆ’, ‘ಚಿಲ್ಲರೆ ಕೊಡಿ’ ಇಷ್ಟೇ.

ಕಿರಾಣಿಯವರಿಗೂ ಕಂಡಕ್ಟರಿಗೂ ಹಳೆಯ ಜಗಳವೊಂದಿತ್ತು. ಸ್ಟಾಪಿನಲ್ಲಿ ಬಸ್ ನಿಲ್ಲಿಸಲಿಲ್ಲ ಅಂತ ಇವರು, ಕೈ ತೋರಿಸದೆ ನಿಂತರೆ ಹೇಗೆ ನಿಲ್ಲಿಸೋದು ಅಂತ ಅವರು. ಆರು ತಿಂಗಳು ಮುಖ ಕೊಟ್ಟು ಮಾತಾಡಿರಲಿಲ್ಲ. ಕೆರೆಯ ಏರಿಯ ಮೇಲೆ ಇಬ್ಬರೂ ಒಂದೇ ಜಾಗದಲ್ಲಿ ಏದುಸಿರು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರಂತೆ. ‘ನಿಮಗೂ ಇಲ್ಲೇ ಆಯ್ತಾ ಸ್ವಾಮಿ?’ ಎಂದರು ಒಬ್ಬರು. ಅಲ್ಲಿಗೆ ಕೇಸು ಖುಲಾಸೆ.

ಮಾಗಿಯಲ್ಲಿ ಓಡುವ ಸುಖ ಮಂಚದ ಮೇಲೆ ಮಲಗಿದವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ನಮ್ಮ ಊರಿನ ಚಳಿ ಎಂದರೆ 15-16 ಡಿಗ್ರಿ, ದಿಲ್ಲಿಯವರು ಕೇಳಿದರೆ ನಗುತ್ತಾರೆ. ಆದರೂ ಕಂಬಳಿಯೊಳಗಿಂದ ಮೊದಲ ಕಾಲು ಹೊರಗಿಡುವುದು ದೊಡ್ಡ ಕೆಲಸವೇ. ಮೊದಲ ಐದು ನಿಮಿಷ ಯಾಕಾದರೂ ಬಂದೆವೋ ಅನಿಸುತ್ತದೆ. ಹತ್ತನೇ ನಿಮಿಷಕ್ಕೆ ಬೆನ್ನು ಬೆಚ್ಚಗಾಗಿ ಮಫ್ಲರ್ ಸೊಂಟಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಇಷ್ಟೇ ದೂರ ಓಡಿದರೆ ಬೆವರು ಕಣ್ಣಿಗಿಳಿದು ದಾರಿ ಕಾಣಿಸುವುದಿಲ್ಲ. ಈಗ ಅದೇ ಮೈ ಇನ್ನೊಂದು ಸುತ್ತು ಬಾ ಎನ್ನುತ್ತದೆ.

ಕೆರೆಯ ಮೇಲೆ ಮಂಜು ಎದ್ದಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಆದ ಕೆರೆ. ಈಗ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಸುತ್ತಿನ ದಾರಿ ಸುಮಾರು ನಾಲ್ಕು ಕಿಲೋಮೀಟರ್. ಕುವೆಂಪು ಅವರು ವಾಯುಸಂಚಾರಕ್ಕೆ ಬರುತ್ತಿದ್ದ ಜಾಗ ಎಂದು ಎಲ್ಲರಿಗೂ ಗೊತ್ತು. ಅವರು ಓಡಿದ್ದು ಮಾತ್ರ ಯಾರೂ ಕೇಳಿಲ್ಲ, ನಡೆದೇ ಅಷ್ಟು ಬರೆದರು. ಹೆಜ್ಜಾರ್ಲೆಗಳು ಮರದ ಮೇಲೆ ಮುದುರಿ ಕೂತು, ಈ ಮನುಷ್ಯರಿಗೆ ಬೇರೆ ಕೆಲಸ ಇಲ್ಲವೇ ಎಂಬಂತೆ ನೋಡುತ್ತವೆ. ಧನುರ್ಮಾಸವಾದ್ದರಿಂದ ದೇವಸ್ಥಾನಗಳ ಗಂಟೆ ಕತ್ತಲಲ್ಲೇ ಬಾರಿಸಿರುತ್ತದೆ. ಎರಡು ಸುತ್ತು ಓಡಿ ಬಂದು ಮುತ್ತುಗದ ಎಲೆಯಲ್ಲಿ ಬಿಸಿ ಹುಗ್ಗಿ ತಿನ್ನುವ ಭಾಗ್ಯವೂ ಕೆಲವರದು. ಓಡಿ ಕರಗಿಸಿದ್ದು ಅಲ್ಲಿಗೆ ವಾಪಸ್ ಬಂತು ಅನ್ನಿ. ಯಾರೂ ಲೆಕ್ಕ ಇಡುವುದಿಲ್ಲ.

ಭಾನುವಾರವಾದರೆ ಗುಂಪು ಚಾಮುಂಡಿ ಬೆಟ್ಟದ ಪಾದಕ್ಕೆ ತಿರುಗುತ್ತದೆ. ಸಾವಿರ ಮೆಟ್ಟಿಲು. ಓಡುತ್ತೇವೆ ಅಂತ ಶುರು ಮಾಡಿದವರು ನೂರನೇ ಮೆಟ್ಟಿಲಿಗೆ ನಡೆಯುತ್ತಾರೆ, ಮುನ್ನೂರಕ್ಕೆ ಕೂರುತ್ತಾರೆ. ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಬೆಂಗಳೂರಿನ ಹುಡುಗ ಹಿಂದೆ, ಅರವತ್ತು ದಾಟಿದ ಮೇಷ್ಟ್ರು ಮುಂದೆ. ಮೇಷ್ಟ್ರ ಗುಟ್ಟು ಏನೂ ಇಲ್ಲ, ಅವರು ಮೊದಲಿಂದಲೂ ಮಾತಾಡಿಕೊಂಡೇ ಹತ್ತಿದರು. ಮಾತಾಡಲು ಆಗದಷ್ಟು ಜೋರಾಗಿ ಹೋಗಲಿಲ್ಲ.

ಮಾತಾಡಿಕೊಂಡು ಓಡುವ ಈ ಪದ್ಧತಿಗೆ ದೊಡ್ಡ ಇತಿಹಾಸವೇ ಇದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಓಟಗಾರರನ್ನು ತಯಾರು ಮಾಡಿದ ಗುರು. ಅವರು ಆಕ್ಲೆಂಡಿನಲ್ಲಿ ವಯಸ್ಸಾದವರನ್ನೂ ಹೃದ್ರೋಗದಿಂದ ಎದ್ದವರನ್ನೂ ಗುಂಪು ಕಟ್ಟಿ ನಿಧಾನವಾಗಿ ಓಡಿಸುತ್ತಿದ್ದರು. 1962ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ನಾನೂ ಕೋಚು ಎಂಬ ಧೈರ್ಯದಲ್ಲಿ ಗುಂಪಿನ ಜೊತೆ ಹೊರಟರು. ಸ್ವಲ್ಪ ದೂರಕ್ಕೇ ಉಸಿರು ಸಿಕ್ಕಿಹಾಕಿಕೊಂಡಿತು. ಆಗ ಎಪ್ಪತ್ತು ದಾಟಿದ ಮುದುಕರೊಬ್ಬರು ಹಿಂದೆ ಬಿದ್ದು, ಕಷ್ಟಸುಖ ಮಾತಾಡಿಸುತ್ತಾ ಇವರನ್ನು ಕರೆದುಕೊಂಡು ಬಂದರು. ಬೋವರ್‌ಮನ್‌ಗೆ ಆಗ ವಯಸ್ಸು ಇನ್ನೂ ಐವತ್ತರ ಆಸುಪಾಸು!

ಊರಿಗೆ ಮರಳಿದ ಬೋವರ್‌ಮನ್ 1963ರ ಆರಂಭದಲ್ಲಿ ಮಾಡಿದ ಮೊದಲ ಕೆಲಸವನ್ನು ನಮ್ಮ ಊರಿನ ಶಾಲಾ ಕಾಲೇಜು ಆಡಳಿತಗಾರರು ಗಮನಿಸಬೇಕು. ತಮ್ಮ ವಿಶ್ವವಿದ್ಯಾಲಯದ ಹೇವರ್ಡ್ ಫೀಲ್ಡ್ ಮೈದಾನಕ್ಕೆ ಊರಿನವರನ್ನು ಓಡಲು ಕರೆದರು. ಗೃಹಿಣಿಯರು, ಗುಮಾಸ್ತರು, ವ್ಯಾಪಾರಿಗಳು ಬಂದರು. ಜನ ಏರಿದ್ದು ನೋಡಿ ಯಾರಾದರೂ ಎದೆ ಹಿಡಿದುಕೊಂಡು ಬಿದ್ದರೆ ಗತಿಯೇನು ಎಂದು ಅವರಿಗೇ ಹೆದರಿಕೆಯಾಗಿ, ಹೃದಯದ ವೈದ್ಯರೊಬ್ಬರನ್ನು ಜೊತೆಗೆ ಹಾಕಿಕೊಂಡು ಕ್ರಮ ಗೊತ್ತು ಮಾಡಿದರು. ಆ ಡಾಕ್ಟರ ಜೊತೆ ಸೇರಿ 1967ರಲ್ಲಿ ಬರೆದ ‘ಜಾಗಿಂಗ್’ ಪುಸ್ತಕ ಆ ಮಾತನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು.

ಹೆದರಿಕೆ ನಮ್ಮಲ್ಲೂ ಇದೆ, ಅದನ್ನು ತೇಲಿಸಿಬಿಡುವ ಹಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರಕ್ಕೇ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ‘ವ್ಯಾಯಾಮಾನೂ ಬೇಡ, ಏನೂ ಬೇಡ, ಸುಮ್ನಿರಿ’ ಎಂಬ ಮಾತು ಬಂತು. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಿಂತ ಕ್ಯೂ ಎಲ್ಲರೂ ನೋಡಿದ್ದಾರೆ. ಓಟದ ಬಗ್ಗೆ 1977ರಲ್ಲಿ ಭರ್ಜರಿ ಮಾರಾಟವಾದ ಪುಸ್ತಕ ಬರೆದ ಜಿಮ್ ಫಿಕ್ಸ್ 1984ರಲ್ಲಿ, ಐವತ್ತೆರಡರ ವಯಸ್ಸಿಗೆ, ಓಡಲು ಹೋದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆಯೂ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆಯಲ್ಲಿ ಹೋಗಿದ್ದರು, ಅವರೇ ಹಿಂದೆ ವಿಪರೀತ ಸಿಗರೇಟು ಸೇದಿದ್ದರು. ಆದ್ದರಿಂದ ನಲವತ್ತು ದಾಟಿದವರು, ಸಕ್ಕರೆ ಬಿಪಿ ಇರುವವರು, ಮನೆತನದಲ್ಲಿ ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರಿಗೆ ತೋರಿಸಲಿ. ಆಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎದೆಯಲ್ಲಿ ಹಿಡಿದಂತಾದರೆ, ತಲೆ ತಿರುಗಿದರೆ ನಿಲ್ಲಬೇಕು, ಮರ್ಯಾದೆ ನೋಡಬಾರದು. ಪಕ್ಕದಲ್ಲಿ ಒಬ್ಬ ಗೆಳೆಯನಿದ್ದರೆ ‘ಯಾಕ್ರೀ ಮಾತು ನಿಂತೋಯ್ತು?’ ಅಂತ ಕೇಳುತ್ತಾನೆ. ಒಬ್ಬರೇ ಓಡುವವರನ್ನು ಕೇಳುವವರಾರು?

ಬೂಟಿನ ಚಿಂತೆ ಬೇರೆ ಕೆಲವರಿಗೆ. ಬಿಹಾರದ ಶಿವನಾಥ್ ಸಿಂಗ್ ಬರಿಗಾಲಲ್ಲಿ ಓಡಿ ಹೆಸರಾದವರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ಅವರ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಿಂತಿತ್ತು. ನಮ್ಮ ರಸ್ತೆಯ ಗಾಜಿನ ಚೂರು ನೋಡಿದರೆ ಬರಿಗಾಲು ಬೇಡ, ಇರುವ ಕ್ಯಾನ್ವಾಸ್ ಬೂಟು ಸಾಕು.

ಗಾಜಿನ ಚೂರು ಎಂದಾಗ ಮೈದಾನದ ವಿಷಯಕ್ಕೇ ಬರಬೇಕು. ಕೆರೆ ಎಲ್ಲರಿಗೂ ಹತ್ತಿರವಿಲ್ಲ. ಊರಿನ ಇನ್ನೊಂದು ತುದಿಯಲ್ಲಿರುವವರು ಬಡಾವಣೆಯ ಶಾಲಾ ಮೈದಾನವನ್ನೇ ನಂಬಿದ್ದಾರೆ. ಅಂಥದ್ದೊಂದು ಮೈದಾನ, ಹೆಸರು ಬೇಡ, ವರ್ಷವಿಡೀ ಬೆಳಿಗ್ಗೆ ತೆರೆದಿದ್ದು ಕ್ರಿಸ್‌ಮಸ್ ರಜೆ ಶುರುವಾದ ದಿನ ಬೀಗ ಹಾಕಿಕೊಳ್ಳುತ್ತದೆ. ಜನಕ್ಕೆ ಬಿಡುವಿದ್ದಾಗ ಮೈದಾನಕ್ಕೂ ರಜೆ! ಕೇಳಿದರೆ ವಾಚ್‌ಮನ್ ಊರಿಗೆ ಹೋಗಿದ್ದಾನೆ ಎನ್ನುತ್ತಾರೆ. ಇನ್ನೂ ಕೇಳಿದರೆ, ಹೊಸ ವರ್ಷದ ರಾತ್ರಿ ಯಾರೋ ಒಳಗೆ ಕೂತು ಕುಡಿದು ಬಾಟಲಿ ಒಡೆದು ಹೋದರು, ಮಕ್ಕಳ ಕಾಲಿಗೆ ಚುಚ್ಚಿತು ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ರಾತ್ರಿ ಹನ್ನೆರಡಕ್ಕೆ ಬಾಟಲಿ ಒಡೆದವನ ಶಿಕ್ಷೆ ಬೆಳಿಗ್ಗೆ ಆರಕ್ಕೆ ಓಡುವವನಿಗೆ ಯಾಕೆ? ಅವನು ಬೀಗ ನೋಡಿ ಹಾಸಿಗೆಗೆ ವಾಪಸ್ ಹೋಗುತ್ತಾನೆ, ಇಲ್ಲವೇ ರಿಂಗ್ ರೋಡಿಗೆ ಇಳಿಯುತ್ತಾನೆ.

ಕತ್ತಲಲ್ಲಿ ರಸ್ತೆಯ ಓಟ ಹುಡುಗಾಟವಲ್ಲ. ಎಂಬತ್ತೊಂಬತ್ತನೇ ವಯಸ್ಸಿಗೆ ಮೊದಲ ಮ್ಯಾರಥಾನ್ ಓಡಿ, 2011ರಲ್ಲಿ ಟೊರೊಂಟೊದಲ್ಲಿ ನೂರರ ವಯಸ್ಸಿಗೂ ಪೂರ್ತಿ ದೂರ ಮುಗಿಸಿದ ಫೌಜಾ ಸಿಂಗ್ ಗೊತ್ತಲ್ಲ? ಹೆಂಡತಿ, ಮಗ ತೀರಿಕೊಂಡ ದುಃಖಕ್ಕೆ ಓಟ ಹಿಡಿದವರು. ಲಂಡನ್ನಿನಲ್ಲಿ ಗೆಳೆಯರ ಓಟದ ಕೂಟವೇ ಅವರಿಗೆ ಮನೆಯಾಯಿತು. ಅಂಥವರು ಕೊನೆಗೆ 2025ರ ಜುಲೈನಲ್ಲಿ ಪಂಜಾಬಿನ ತಮ್ಮ ಊರಿನ ರಸ್ತೆಯಲ್ಲಿ ವಾಹನ ಬಡಿದು ಹೋದರು. ವಯಸ್ಸು ನೂರಾ ಹದಿನಾಲ್ಕು ಎನ್ನುತ್ತಾರೆ. ಇನ್ನು ನಮ್ಮಲ್ಲಿ ಚಿರತೆಯೂ ಇದೆ. 2024ರ ಡಿಸೆಂಬರ್ 31ರಂದು ಇಲ್ಲಿನ ಇನ್ಫೋಸಿಸ್ ಆವರಣದಲ್ಲೇ ಚಿರತೆ ಕಾಣಿಸಿಕೊಂಡು, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದು ಹೇಳಬೇಕಾಯಿತು. ಬೀದಿನಾಯಿಗಳ ವಿಚಾರ ಹೇಳದಿದ್ದರೇ ವಾಸಿ. ಹೆಣ್ಣುಮಕ್ಕಳಿಗಂತೂ ಇದೆಲ್ಲದರ ಮೇಲೆ ಇನ್ನೊಂದು ಭಯ. ಮೈದಾನ ತೆರೆದಿದ್ದು ನಾಲ್ಕು ಪರಿಚಿತ ಮುಖ ಇದ್ದರೆ ಬರುತ್ತಾರೆ, ಬೀಗ ಬಿದ್ದ ದಿನದಿಂದ ಒಬ್ಬರೂ ಇಲ್ಲ.

ಇಂಗ್ಲೆಂಡಿನವರ ಒಂದು ಏರ್ಪಾಡು ಇಲ್ಲಿ ಹೇಳುವಂಥದ್ದು. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಪಾಲ್ ಸಿಂಟನ್ ಹೆವಿಟ್ ಎಂಬವರು ಕಾಲು ನೋವಾಗಿ ತಾವು ಓಡಲಾಗದೆ, ಗೆಳೆಯರ ಸಂಗ ತಪ್ಪಬಾರದು ಅಂತ ಶನಿವಾರದ 5 ಕಿಲೋಮೀಟರ್ ಓಟ ಏರ್ಪಡಿಸಿದರು. ಬಂದದ್ದು 13 ಓಟಗಾರರು. ಓಟ, ಆಮೇಲೆ ಕಾಫಿ, ಹರಟೆ. ದುಡ್ಡು ಕೊಡುವ ಹಾಗಿಲ್ಲ, ಕೆಲಸಕ್ಕೆಲ್ಲ ಊರಿನ ಸ್ವಯಂಸೇವಕರೇ. ಅದೇ ಇವತ್ತು ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಕ್ರಿಸ್‌ಮಸ್ ದಿನ, ಹೊಸ ವರ್ಷದ ದಿನ ಹಲವು ಪಾರ್ಕುಗಳಲ್ಲಿ ವಿಶೇಷ ಓಟವೇ ಇರುತ್ತದೆ. ನಮ್ಮ ಚಳಿ ಅಲ್ಲಿನವರಿಗೆ ಬೇಸಿಗೆ. ಅವರು ರಜೆಯಲ್ಲಿ ಪಾರ್ಕಿಗೆ ಕರೆಯುತ್ತಾರೆ, ಇಲ್ಲಿ ರಜೆಯಲ್ಲಿ ಸರಪಳಿ.

ಬಡಾವಣೆಯವರು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ರಜೆಯ ಹತ್ತು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಗೇಟು ತೆಗೆಯಲಿ. ವಾಚ್‌ಮನ್ ಇಲ್ಲದಿದ್ದರೆ ಇಬ್ಬರು ಜವಾಬ್ದಾರಿಯವರ ಹೆಸರು ವಿಳಾಸ ಬರೆಸಿಕೊಂಡು ಬೀಗದಕೈ ಕೊಡಲಿ. ಚೂರು ಬಿದ್ದಿದ್ದರೆ ಓಡುವವರೇ ಆರಿಸುತ್ತಾರೆ, ಯಾಕೆಂದರೆ ಚುಚ್ಚುವುದು ಅವರ ಕಾಲಿಗೇ. ನಗರಪಾಲಿಕೆ ಮೂಲೆಯ ದೀಪವೊಂದನ್ನು ಹತ್ತಿಸಿಟ್ಟರೆ ಉಪಕಾರ. ಜನವರಿಯಲ್ಲಿ ಸೂರ್ಯ ಡಿಸೆಂಬರಿಗಿಂತಲೂ ತಡವಾಗಿ ಹುಟ್ಟುತ್ತಾನೆ, ಆರೂ ಮುಕ್ಕಾಲರ ಹತ್ತಿರ.

ವ್ಯಾಪಾರಿಗಳು ಗಲ್ಲಾ ಪೆಟ್ಟಿಗೆ ಹಿಂದೆ ಹನ್ನೆರಡು ಗಂಟೆ ಕೂರುತ್ತಾರೆ. ಬಸ್ಸಿನವರು ಎರಡು ಹೊತ್ತು ಜೋತಾಡಿಕೊಂಡು ಹೋಗುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂತೆ ನಡೆಯಿರಿ, ಜೋರಾಗಿ ಓಡುವುದಾದರೆ ಅದರ ಅರ್ಧ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಷ್ಟು ಜನಕ್ಕೆ ಸಾಧ್ಯ? ರಜೆಯಲ್ಲಿ ಹಿಡಿದ ಅಭ್ಯಾಸ ಜನವರಿ ಎರಡನೇ ತಾರೀಕು ಶಟರ್ ಎತ್ತುವ ಸದ್ದಿಗೇ ಓಡಿಹೋಗುತ್ತದೆ. ಬೆಂಗಳೂರಿನ ಹುಡುಗ ರೈಲು ಹತ್ತುತ್ತಾನೆ, ಕಂಡಕ್ಟರರ ರಜೆ ಮುಗಿಯುತ್ತದೆ, ಮೇಷ್ಟ್ರು ಒಬ್ಬರೇ ಒಂದು ಸುತ್ತು ಹಾಕಿ ಬೇಜಾರಾಗಿ ಮನೆಗೆ ಹೋಗುತ್ತಾರೆ.

ಈ ಸಲ ಕಿರಾಣಿಯವರು ಒಂದು ಉಪಾಯ ಹೂಡಿದ್ದಾರೆ. ಅಂಗಡಿಗೆ ವಾರದ ರಜೆಯಿರುವ ದಿನ ಬೆಳಿಗ್ಗೆ ಆರೂಕಾಲಿಗೆ ಎಲ್ಲರೂ ಕೆರೆಯ ಗೇಟಿನಲ್ಲಿ ಸೇರುವುದು, ಬಾರದವರು ಮುಂದಿನ ವಾರ ಕಾಫಿ ಕೊಡಿಸುವುದು. ಮೇಷ್ಟ್ರು ಒಪ್ಪಿದ್ದಾರೆ. ಹುಡುಗ ತಿಂಗಳಿಗೊಮ್ಮೆ ಬರುತ್ತಾನಂತೆ. ಕಂಡಕ್ಟರಿಗೆ ಮಾತ್ರ ಡಿಪೋದಲ್ಲಿ ಡ್ಯೂಟಿ ಚೀಟಿ ಹಾಕಿದ ಮೇಲೇ ಗೊತ್ತಾಗುವುದು. ಮೊದಲ ಪಾಳಿ ಬಿದ್ದರೆ ಐದಕ್ಕೇ ಬಸ್ ಹತ್ತಬೇಕು. ಎರಡನೇ ಪಾಳಿ ಹಾಕಿಸಿಕೊಳ್ಳಲು ಆಗುತ್ತಾ ಅಂತ ಕೇಳಲು ಅವರು ಹೋಗಿದ್ದಾರೆ.